ಸೀತನಿ ಹದದ ತಿಂಗಳು

ಟೆಲ್ ಅವೀವ್ ಅನ್ನೋ ಊರಿನ ಹೆಸರನ್ನ ಯುದ್ಧದ ಸುದ್ದಿಯಲ್ಲಿ ನಾವೆಲ್ಲ ಕೇಳೀವಿ. ಅದರಲ್ಲಿರೋ ‘ಅವೀವ್’ ಮೂಲದಲ್ಲಿ ಒಕ್ಕಲುತನದ ಮಾತು ನೋಡ್ರಿ. ಈಗಿನ ಹೀಬ್ರೂ ಭಾಷೆಯಲ್ಲಿ ಅದಕ್ಕೆ ವಸಂತ ಅಂತ ಅರ್ಥ. ಹಳೇ ಕಾಲದಲ್ಲಿ ಅವೀವ್ ಅಂದ್ರೆ ಕಾಳು ತುಂಬಿ ಇನ್ನೂ ಪೂರಾ ಒಣಗದ ಜವೆಗೋಧಿ ತೆನೆ. ಬೆಂಕಿಯಲ್ಲಿ ಸುಟ್ಟು ತಿನ್ನೋ ಹದ. ನಮ್ಮ ಬಿಳಿಜೋಳದ ಸೀತನಿ ಅಂದ್ರೆ ನಿಮಗೆ ಬೇರೆ ವಿವರಣೆ ಬೇಕಿಲ್ಲ. ಯೆಹೂದಿಗಳ ಒಂದು ತಿಂಗಳಿಗೇ ಈ ಹದದ ಹೆಸರಿತ್ತು. ಬ್ಯಾಬಿಲೋನಿನ ಸೆರೆವಾಸದ ಕಾಲದಿಂದ ಅಲ್ಲಿಯ ‘ನಿಸಾನ್’ ಅನ್ನೋ ಹೆಸರು ಅದಕ್ಕೆ ಅಂಟಿಕೊಂಡಿತು. ನಮ್ಮ ಲೆಕ್ಕಕ್ಕೆ ಮಾರ್ಚ್–ಏಪ್ರಿಲ್, ಹೆಚ್ಚುಕಮ್ಮಿ ಚೈತ್ರ.

ಬೈಬಲ್ಲಿನಲ್ಲಿ ಈಜಿಪ್ಟಿಗೆ ಆಣೆಕಲ್ಲು ಬಿದ್ದ ಕಥೆ ಬರುತ್ತದೆ. ಜವೆಗೋಧಿ ತೆನೆಯಲ್ಲಿತ್ತು, ಅಗಸೆ ಮೊಗ್ಗಿನಲ್ಲಿತ್ತು, ಎರಡೂ ಹಾಳಾದವು. ಗೋಧಿ ಹಿಂದಿನ ಬೆಳೆಯಾದ್ದರಿಂದ ಉಳೀತು. ಇದನ್ನ ಬರೆದವನು ಹೊಲ ಕಂಡವನೇ ಇರಬೇಕು. ಗುಲಾಮರಾಗಿದ್ದ ಯೆಹೂದಿಗಳು ಈಜಿಪ್ಟ್ ಬಿಟ್ಟು ಹೊರಟದ್ದು ಈ ತಿಂಗಳಲ್ಲೇ ಅಂತ ಅವರ ನಂಬಿಕೆ. ಅದಕ್ಕೇ ತಿಂಗಳ ಲೆಕ್ಕ ಶುರುವಾಗೋದು ಇದರಿಂದ, ಹುಣ್ಣಿಮೆಗೆ ಪಸ್ಕ ಹಬ್ಬ.

ಅಲ್ಲಿಯ ಜವೆಗೋಧಿಯೂ ನಮ್ಮ ಹಿಂಗಾರಿ ಜೋಳದ ಹಂಗೇ. ಅಕ್ಟೋಬರ್–ನವೆಂಬರಿನ ಮೊದಲ ಮಳೆಗೆ ಬಿತ್ತಿಗೆ, ಚಳಿಗಾಲದ ಮಳೆಗೆ ಬೆಳೆ, ವಸಂತದಲ್ಲಿ ಕೊಯ್ಲು. ಆದರೆ ಕೊಯ್ದ ತಕ್ಷಣ ತಿನ್ನೋ ಹಂಗಿರಲಿಲ್ಲ. ನಿಸಾನ್ 16ಕ್ಕೆ ಜೆರುಸಲೇಮಿನ ದೇವಾಲಯದಲ್ಲಿ ‘ಓಮೆರ್’ ಅನ್ನೋ ಅಳತೆಯಷ್ಟು, ಅಂದ್ರೆ ಕೆಲವೇ ಸೇರು, ಹೊಸ ಜವೆಗೋಧಿ ಅರ್ಪಿಸಬೇಕು. ಅಲ್ಲಿಯವರೆಗೆ ಆ ವರ್ಷದ ಹೊಸ ಕಾಳು ಯಾರೂ ಬಾಯಿಗೆ ಇಡುವಂತಿಲ್ಲ. ಅರ್ಪಣೆ ಮುಗೀತಿದ್ದಂಗೆ ಜನ ಹೊರಬಂದು ನೋಡಿದರೆ, ಪೇಟೆ ತುಂಬಾ ಹೊಸ ಹಿಟ್ಟು, ಹುರಿದ ಕಾಳು! ವ್ಯಾಪಾರದವರು ಎಷ್ಟು ತಯಾರಾಗಿ ಕಾಯ್ತಿದ್ದರೋ.

ಈಗ ತೊಡಕು ಇಲ್ಲಿದೆ. ಅವರ ತಿಂಗಳೂ ಚಂದ್ರನದ್ದು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಂಗೇ ಬಿಟ್ಟರೆ ನಮ್ಮೂರ ರಂಜಾನಿನಂತೆ ಹಬ್ಬ ಎಲ್ಲಾ ಋತುವಿಗೂ ಸುತ್ತುತ್ತದೆ. ನಿಸಾನ್ ಬಂದಿರುತ್ತದೆ, ತೆನೆ ಬಂದಿರೋದಿಲ್ಲ. ಓಮೆರಿಗೆ ಏನು ಕೊಯ್ಯೋದು? ಅದಕ್ಕೆ ಹಿಂದಿನ ತಿಂಗಳಾದ ಅದಾರ್ ಅನ್ನು ಎರಡು ಸಲ ಎಣಿಸುತ್ತಿದ್ದರು. ಅಧಿಕ ಮಾಸವೇ ಅನ್ನಿ. ಯಾವ ವರ್ಷ ಸೇರಿಸಬೇಕು ಅನ್ನೋದನ್ನ ಹಿರಿಯರ ನ್ಯಾಯಸಭೆ ತೀರ್ಮಾನಿಸುತ್ತಿತ್ತು. ಜವೆಗೋಧಿಯ ಹದ, ಮರದ ಹಣ್ಣು, ವಸಂತದಲ್ಲಿ ಹಗಲು ರಾತ್ರಿ ಸಮವಾಗೋ ದಿನ, ಈ ಮೂರರಲ್ಲಿ ಎರಡು ಹಿಂದೆ ಬಿದ್ದಿದ್ದರೆ ತಿಂಗಳು ಸೇರಿಸು. ತೆನೆಯನ್ನೂ ಒಂದೇ ಕಡೆ ನೋಡ್ತಿರಲಿಲ್ಲ. ಯೂದಾಯ, ಗಲಿಲಾಯ, ಯೊರ್ದಾನ್ ಹೊಳೆಯಾಚೆಯ ಸೀಮೆ, ಮೂರರಲ್ಲಿ ಎರಡಾದರೂ ಹಿಂದುಳಿದಿರಬೇಕು. ಗಮಲಿಯೇಲ್ ಅನ್ನೋ ಗುರು ದೂರದವರಿಗೆ ಬರೆಸಿದ ಪತ್ರದ ವಿಷಯ ಅವರ ತಾಲ್ಮುದ್ ಗ್ರಂಥದಲ್ಲಿದೆ: ಪಾರಿವಾಳದ ಮರಿ ಎಳೆಯವು, ಕುರಿಮರಿ ಇನ್ನೂ ಸಣ್ಣವು, ತೆನೆ ಹದಕ್ಕೆ ಬಂದಿಲ್ಲ, ಆದ್ದರಿಂದ ಮೂವತ್ತು ದಿನ ಕೂಡಿಸಿದ್ದೇವೆ ಅಂತ.

ನನಗೆ ಬಹಳ ಹಿಡಿಸಿದ್ದು ಬೇರೊಂದು ಕಟ್ಟಳೆ. ಬರ ಬಿದ್ದ ವರ್ಷ ತಿಂಗಳು ಸೇರಿಸಬಾರದು! ಯಾಕೆ ಅಂತ ನಮಗೆ ಯಾರೂ ಹೇಳಬೇಕಿಲ್ಲ. ಹಗೇವು ಖಾಲಿ, ಹೊಲದಲ್ಲಿ ನಾಲ್ಕು ತೆನೆ ನಿಂತಿವೆ. ತಿಂಗಳು ಸೇರಿಸಿದರೆ ಓಮೆರ್ ಮುಂದಕ್ಕೆ ಹೋಯ್ತು, ಕಣ್ಣೆದುರಿನ ಕಾಳು ಇನ್ನೊಂದು ತಿಂಗಳು ಮುಟ್ಟಂಗಿಲ್ಲ. ಏಳನೇ ವರ್ಷ ಭೂಮಿ ಬೀಳು ಬಿಡೋ ಪದ್ಧತಿ ಅವರಲ್ಲಿತ್ತು, ಆ ವರ್ಷಕ್ಕೂ ಸೇರಿಸುತ್ತಿರಲಿಲ್ಲ. ಬಿತ್ತದ ವರ್ಷವನ್ನ ಯಾಕೆ ಉದ್ದ ಮಾಡೋದು? ಹೊಲ ಇಲ್ಲದವರ ಪಾಡೂ ಇದಕ್ಕೇ ಕಟ್ಟಿಹಾಕಿತ್ತು. ಹೊಲದ ಅಂಚಿನ ಬೆಳೆ, ಉದುರಿದ ತೆನೆ ಬಡವರಿಗೆ ಬಿಡಬೇಕು ಅಂತ ಧರ್ಮಶಾಸ್ತ್ರವೇ ಹೇಳಿತ್ತು. ರೂತ್ ಅನ್ನೋ ವಿಧವೆ ಅತ್ತೆಯ ಜೋಡಿ ಬೇತ್ಲೆಹೇಮಿಗೆ ಬಂದದ್ದು ಜವೆಗೋಧಿ ಕೊಯ್ಲು ಶುರುವಾದಾಗ, ಬೋವಜನ ಹೊಲದಲ್ಲಿ ಹಕ್ಕಲು ಆಯ್ದೇ ಹೊಟ್ಟೆ ಹೊರೆದಳು. ಪಂಚಾಂಗದ ಪಂಡಿತರು ಆಕಾಶಕ್ಕಿಂತ ಮೊದಲು ಹಗೇವು ನೋಡಿದ್ದು ಸಣ್ಣ ಮಾತಲ್ಲ.

ಮೂರು ಮಂದಿ ದನಗಾಹಿಗಳ ಕಥೆಯೂ ಆ ಗ್ರಂಥದಲ್ಲಿದೆ. ಮುಂಚೆ ಬಿತ್ತಿದ್ದೂ ತಡವಾಗಿ ಬಿತ್ತಿದ್ದೂ ಒಟ್ಟಿಗೆ ಮೊಳೆತರೆ ಇದು ಅದಾರ್ ಅಂದ ಒಬ್ಬ. ಬೆಳಿಗ್ಗೆ ಎತ್ತು ಸಾಯೋವಷ್ಟು ಚಳಿ, ಮಧ್ಯಾಹ್ನ ಅದೇ ಎತ್ತು ಅಂಜೂರದ ನೆರಳಿಗೆ ಬಂದರೆ ಅದಾರ್ ಅಂದ ಇನ್ನೊಬ್ಬ. ಮೂಡಣ ಗಾಳಿಗೆ ಎದುರು ಊದಿದರೆ ನಮ್ಮ ಉಸಿರೇ ಗೆಲ್ಲಬೇಕು ಅಂದ ಮೂರನೆಯವ. ಆ ಲಕ್ಷಣ ಕಾಣದ್ದಕ್ಕೆ ಗುರುಗಳು ಆ ವರ್ಷ ತಿಂಗಳು ಸೇರಿಸಿದರು. ದನಗಾಹಿಗಳ ಮಾತು ನಂಬಿದರೇ ಅಂತ ಮುಂದೆ ಚರ್ಚೆ ಎದ್ದು, ಇಲ್ಲಿಲ್ಲ, ಗುರುಗಳ ಲೆಕ್ಕವೇ ಹಂಗಿತ್ತು, ಇವರ ಮಾತು ಬರೀ ಬೆಂಬಲ ಅಂತ ಸಮಾಧಾನ ಹೇಳಿದ್ದಾರೆ. ನನಗಂತೂ ಆ ಸಮಾಧಾನ ಪೂರಾ ಒಪ್ಪಿಗೆಯಿಲ್ಲ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದರು, ಓಮೆರ್ ಅರ್ಪಣೆ ನಿಂತಿತು. ಜನ ದೇಶ ದೇಶಕ್ಕೆ ಚದುರಿದ ಮೇಲೆ ಗಲಿಲಾಯದ ತೆನೆ ನೋಡಿ ಎಲ್ಲರಿಗೂ ಸುದ್ದಿ ಮುಟ್ಟಿಸೋದು ಆಗದ ಮಾತು. ನಾಲ್ಕನೇ ಶತಮಾನದಲ್ಲಿ ಎರಡನೇ ಹಿಲ್ಲೇಲ್ ಲೆಕ್ಕದ ಪಂಚಾಂಗ ಗೊತ್ತುಮಾಡಿದ ಅಂತ ಅವರ ಸಂಪ್ರದಾಯ. 19 ವರ್ಷಕ್ಕೆ 7 ಅಧಿಕ ಮಾಸ. ನಮ್ಮದೂ ಸರಿಸುಮಾರು ಅದೇ ಪ್ರಮಾಣ. ಅದಕ್ಕೇ 2024ರ ಏಪ್ರಿಲ್ 9, 2025ರ ಮಾರ್ಚ್ 30, ಎರಡು ವರ್ಷವೂ ನಮ್ಮ ಯುಗಾದಿ ದಿನವೇ ನಿಸಾನ್ ಒಂದು. ಒಂದು ವ್ಯತ್ಯಾಸ ಹೇಳ್ಲೇಬೇಕು. ನಮ್ಮ ಬಿತ್ತಿಗೆಯ ರೋಹಿಣಿ, ಮೃಗಶಿರಾ ಮಳೆಗಳು ಸೂರ್ಯನ ಲೆಕ್ಕದವು, ಅಧಿಕ ಮಾಸ ಬಂದರೂ ಹೆಚ್ಚು ಕದಲೋದಿಲ್ಲ. ಹಬ್ಬ ಮಾತ್ರ ಹಿಂದೆ ಮುಂದೆ ಆಗುತ್ತದೆ. ಅವರಿಗೆ ಹಬ್ಬ, ಹೊಲ ಎರಡೂ ಒಂದೇ ಹಗ್ಗದಲ್ಲಿದ್ದವು.

ಕರಾಯಿಟ್ ಅನ್ನೋ ಸಣ್ಣ ಯೆಹೂದಿ ಪಂಗಡದಲ್ಲಿ ಕೆಲವರು ಈಗಲೂ ಲೆಕ್ಕದ ಪಂಚಾಂಗ ಒಪ್ಪೋದಿಲ್ಲ. ಚಳಿಗಾಲ ಮುಗಿಯೋ ಹೊತ್ತಿಗೆ ಇಸ್ರೇಲಿನ ಹೊಲಗಳಲ್ಲಿ ಅಡ್ಡಾಡಿ, ಜವೆಗೋಧಿ ತೆನೆ ಮುರಿದು, ಕಾಳು ಅವೀವ್ ಹದಕ್ಕೆ ಬಂದೈತೋ ಇಲ್ಲವೋ ಅಂತ ನೋಡಿಯೇ ತಿಂಗಳು ಹೇಳ್ತಾರೆ.