ಜತ್ತ: ಮಾತು ಕನ್ನಡ, ಜಿಲ್ಲೆ ಸಾಂಗ್ಲಿ, ಬೇಡಿಕೆ ನೀರು

ಪುಣೆಗೆ ಕೆಲಸಕ್ಕಂತ ಬಂದ ನಾವು ಇಲ್ಲಿ ಹೊರಗಿನ ಕನ್ನಡಿಗರು. ಆದ್ರೆ ಇದೇ ಮಹಾರಾಷ್ಟ್ರದಲ್ಲಿ ಎಲ್ಲಿಂದಲೂ ಬರದ, ಅಲ್ಲೇ ಹುಟ್ಟಿ ಬೆಳೆದ ಕನ್ನಡಿಗರಿದ್ದಾರೆ. ಸಾಂಗ್ಲಿ ಜಿಲ್ಲೆಯಲ್ಲಿ, ವಿಜಯಪುರಕ್ಕೆ ತಾಗಿಕೊಂಡಿರೋ ಜತ್ತ ತಾಲೂಕಿನವರು.

ಜಿಲ್ಲೆಯಲ್ಲೇ ದೊಡ್ಡ ತಾಲೂಕು, ಆದರೆ ಜನ ವಿರಳ. 2011ರ ಜನಗಣತಿ ಪ್ರಕಾರ ಸಾಂಗ್ಲಿ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 329 ಜನ. ಜತ್ತದಲ್ಲಿ ಅದರ ಅರ್ಧದಷ್ಟೂ ಇಲ್ಲ. ಯಾಕೆ? ಮಳೆಯನ್ನ ಸಹ್ಯಾದ್ರಿಯೇ ತಡೆದುಬಿಡುತ್ತೆ. ಕೃಷ್ಣೆ ಹರಿಯೋದು ಮಿರಜ ಕಡೆ, ತಗ್ಗಿನಲ್ಲಿ. ಜತ್ತ ಇರೋದು ಎತ್ತರದಲ್ಲಿ. ನೀರನ್ನ ಪಂಪ್ ಹಾಕಿ ಎತ್ತಲೇಬೇಕು.

ಡಫಳೆ ಮನೆತನದ ಈ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತ್ಯ ಸೇರಿತು. 1956ರ ಪುನರ್ವಿಂಗಡಣೆ ಆದಮೇಲೂ ಅಲ್ಲೇ ಉಳಿಯಿತು. 2012ರ ಬರದ ಹೊತ್ತಿಗೆ ಸುಮಾರು 40 ಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿದವು, ಕಾರಣ ನೀರು. 2022ರಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತೆತ್ತಿದರು, ಎರಡೂ ರಾಜ್ಯಗಳಲ್ಲಿ ಗದ್ದಲ ಎದ್ದಿತು. ಆಗ ಮಹಾರಾಷ್ಟ್ರ ಸರ್ಕಾರ ಸುಮಾರು 2,000 ಕೋಟಿ ರೂಪಾಯಿಯ ವಿಸ್ತರಿತ ಮ್ಹೈಸಾಳ ಏತ ನೀರಾವರಿ ಯೋಜನೆಗೆ ಚುರುಕು ಕೊಟ್ಟಿತು.

ಗಡಿ ಬಗ್ಗೆ ವಾದ ಮಾಡುವಾಗ ನಾವು ಭಾಷೆಯ ಲೆಕ್ಕ ಹಾಕ್ತೀವಿ. ಜತ್ತದ ರೈತ ಹಾಕೋದು ನೀರಿನ ಲೆಕ್ಕ. ವಿರಳ ಜನರ ಊರಿನ ಕೂಗು ರಾಜಧಾನಿಗೆ ಮುಟ್ಟಬೇಕಾದ್ರೆ ಗಡಿಯನ್ನೇ ಅಲುಗಾಡಿಸಬೇಕಾಗಿ ಬಂತು.