ಹಸುಳೆಯ ಬಟ್ಟೆಯೂ ಮಳೆಗಾಲವೂ: ಅಮಾಸೆಬೈಲು ಸೀಮೆಯ ಒಂದು ಗೃಹಕೃತ್ಯದ ಇತಿಹಾಸ

ಗೃಹಕೃತ್ಯಗಳ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಧಾರಗಳದು. ಬಾರಕೂರಿನ ಶಾಸನಗಳಲ್ಲಿ ದಾನದತ್ತಿಗಳ, ತೆರಿಗೆಗಳ, ದೇವಾಲಯಗಳ ವಿಚಾರ ಹೇರಳವಾಗಿದೆ. 1801ರಲ್ಲಿ ಕುಂದಾಪುರದ ಮಾರ್ಗವಾಗಿ ಉತ್ತರಕ್ಕೆ ಸಾಗಿದ ಫ್ರಾನ್ಸಿಸ್ ಬುಕಾನನ್ ಬೆಳೆ, ಗೇಣಿ, ಕುಲಾಚಾರಗಳನ್ನು ಬರೆದಿಟ್ಟನು. 1894ರಲ್ಲಿ ಅಚ್ಚಾದ ಸ್ಟರಾಕನ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಗೆ ಭೂಹಿಡುವಳಿ, ಕಂದಾಯಗಳಲ್ಲಿಯೇ ಹೆಚ್ಚಿನ ಆಸ್ಥೆ. ಹಸುಳೆ ಒದ್ದೆ ಮಾಡಿದ ಬಟ್ಟೆಯನ್ನು ಒಗೆಯುವವರೆಗೆ ಎಲ್ಲಿಡುತ್ತಿದ್ದರು, ಅದು ಸೋರದಂತೆ ನಾರದಂತೆ ಏನು ಮಾಡುತ್ತಿದ್ದರು ಎಂದು ಇಂತಹ ಆಧಾರಗಳನ್ನು ಕೇಳುವುದು ವ್ಯರ್ಥ. ಉತ್ತರವನ್ನು ಮನೆಯ ವಿನ್ಯಾಸದಲ್ಲಿ, ಉಪಕರಣಗಳಲ್ಲಿ, ಆಡುಮಾತಿನಲ್ಲಿ ಹುಡುಕಬೇಕಾಗುತ್ತದೆ. ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಹಸುಗೂಸಿನ ಆರೋಗ್ಯವೂ ಮನೆಯ ಒಬ್ಬಿಬ್ಬರು ಹೆಂಗಸರ ದಿನದ ಬಹುಭಾಗವೂ ಇದನ್ನೇ ಅವಲಂಬಿಸಿದ್ದುವಾದ್ದರಿಂದ ನಾವು ಇದನ್ನು ವಿಚಾರಾರ್ಹವೆಂದು ಎಣಿಸಿದ್ದೇವೆ.

ಅಮಾಸೆಬೈಲು ಕುಂದಾಪುರ ತಾಲ್ಲೂಕಿನ ಪೂರ್ವಭಾಗದಲ್ಲಿ, ಸಹ್ಯಾದ್ರಿಯ ಬುಡದಲ್ಲಿದೆ. ಘಟ್ಟದ ಮೇಲಿನ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಬುಡದ ಊರುಗಳಿಗೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಸಿಲು ಅಪರೂಪ. ಮನೆಗಳು ಒತ್ತೊತ್ತಾಗಿರದೆ ಗದ್ದೆ ತೋಟಗಳ ನಡುವೆ ದೂರದೂರ ಹರಡಿಕೊಂಡಿವೆ. ಬಾವಿಯೂ ತೋಡೂ ಸಮೀಪದಲ್ಲಿಯೇ ಇರುವುದರಿಂದ ಮಳೆಗಾಲದಲ್ಲಿ ಒಗೆಯಲು ನೀರಿಗೆ ಕೊರತೆಯಿಲ್ಲ, ಕೊರತೆ ಒಣಗಿಸುವುದಕ್ಕೆ. ಇಂದು ಒಗೆದದ್ದು ನಾಳೆಗೆ ಒಣಗದಿದ್ದರೆ ಮಗುವಿನ ಅಡಿಗೆ ಹಾಕಲು ಬಟ್ಟೆಯಿಲ್ಲ. ಬಯಲುಸೀಮೆಯ ತಾಯಿಯ ಚಿಂತೆಯೇ ಬೇರೆ, ಈ ಸೀಮೆಯ ತಾಯಿಯ ಚಿಂತೆಯೇ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮಗುವಿಗೆ ಉಪಯೋಗಿಸುತ್ತಿದ್ದುದು ಹಳೆಯ ಸೀರೆ, ಪಂಚೆಗಳ ತುಂಡು. ಹಲವು ವರ್ಷ ಒಗೆದು ಮೆತ್ತಗಾದ ಹತ್ತಿಯ ಬಟ್ಟೆ ನೀರನ್ನು ಬೇಗ ಹೀರುತ್ತದೆ, ತೆಳುವಾದುದರಿಂದ ಬೇಗ ಆರುತ್ತದೆ. ಒಂದೇ ದಪ್ಪ ಬಟ್ಟೆಗಿಂತ ಹಲವು ತೆಳು ತುಂಡುಗಳು ಮಳೆಗಾಲಕ್ಕೆ ಒದಗುತ್ತವೆ. ಬಡತನದಿಂದ ಬಂದ ರೂಢಿಯೆಂದು ಮಾತ್ರ ಇದನ್ನು ಬಗೆಯಲಾಗದು. ಜನರ ಮಾತಿನಲ್ಲಿ ‘ಉಚ್ಚೆಬಟ್ಟೆ’, ‘ಹೇಲುಬಟ್ಟೆ’ ಎಂದು ಎರಡು ಹೆಸರುಗಳಿರುವುದನ್ನು ನಾವು ಗಮನಕ್ಕೆ ತರಬಯಸುತ್ತೇವೆ. ಗ್ರಾಂಥಿಕ ಬರವಣಿಗೆ ಈ ಪದಗಳಿಂದ ದೂರ ಸರಿಯುತ್ತದೆ. ಆದರೆ ಈ ಕೆಲಸದ ಮೊದಲ ನಿಯಮ ಅಡಗಿರುವುದು ಈ ಭೇದದಲ್ಲಿಯೇ. ಎರಡನ್ನೂ ಒಂದೆಡೆ ಕೂಡಿಹಾಕುವಂತಿಲ್ಲ. ಎರಡನೆಯದನ್ನು ಕೂಡಲೆ ಹಿತ್ತಿಲಿಗೆ ಒಯ್ದು, ಮಲವನ್ನು ಗೊಬ್ಬರದ ಗುಂಡಿಗೆ ತೆಗೆದು, ನೀರು ಹೊಯ್ದು ಅಲಬಿ, ಆ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದರು. ಮೊದಲನೆಯದನ್ನು ಹಿಂಡಿ ಹರಡುತ್ತಿದ್ದರು. ಗಂಟು ಕಟ್ಟಿ ಮೂಲೆಯಲ್ಲಿ ಇಟ್ಟರೆ ಏನಾಗುವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೋರಿಕೆಗೆ ಇದ್ದ ಉಪಾಯ ಅಡಿಕೆಯ ಹಾಳೆ. ಮರದಿಂದ ತಾನಾಗಿ ಬಿದ್ದ ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ ಬಾಗುತ್ತದೆ, ಎರಡು ತುದಿಗಳನ್ನು ಮಡಿಸಿ ಕಟ್ಟಿದರೆ ದೋಣಿಯ ಆಕಾರ ತಳೆಯುತ್ತದೆ. ಅದರಲ್ಲಿ ನೀರು ಇಳಿಯದು. ಮಗುವನ್ನು ಮಲಗಿಸಲು, ಸ್ನಾನ ಮಾಡಿಸಲು, ಒದ್ದೆ ಬಟ್ಟೆಯನ್ನು ಒಳಗಿನಿಂದ ಹಿತ್ತಿಲಿಗೆ ಒಯ್ಯಲು ಇದೊಂದೇ ಸಾಕು. ಹಾಳಾದರೆ ಗೊಬ್ಬರಕ್ಕೆ ಎಸೆದು ಹೊಸದನ್ನು ತರಬಹುದು. ರಬ್ಬರ್ ಲೇಪಿತ ಬಟ್ಟೆಗೆ ಮ್ಯಾಕಿಂಟಾಷ್ ಹಕ್ಕುಪತ್ರ ಪಡೆದದ್ದು 1823ರಲ್ಲಿ. ಪೇಟೆಯ ಬಾಣಂತಿಕೋಣೆಗಳಿಗೆ ರಬ್ಬರ್ ಶೀಟು ಬಂದದ್ದು ಬಹಳ ತಡವಾಗಿ. ತೋಟವಿದ್ದ ಮನೆಗೆ ಅದರ ಅಭಾವ ತಟ್ಟಿರಲಾರದು.

ಇನ್ನು ವಾಸನೆಯ ವಿಚಾರ. ಮೂತ್ರದಲ್ಲಿರುವ ಯೂರಿಯಾ ಹೊಸದಾಗಿರುವಾಗ ಹೆಚ್ಚು ನಾರುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ, ಮುಚ್ಚಿಟ್ಟಾಗ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಮಲದ ಅಂಶ ಸೇರಿದರೆ ಈ ಕ್ರಿಯೆ ಚುರುಕಾಗುತ್ತದೆ. 1921ರಲ್ಲಿ ಅಮೆರಿಕದ ವೈದ್ಯ ಜೆ. ವಿ. ಕುಕ್ ಹಸುಳೆಗಳ ಮಲದಿಂದ ಇಂತಹ ಒಂದು ಜೀವಾಣುವನ್ನು ಬೇರ್ಪಡಿಸಿ, ಬಟ್ಟೆ ಕಟ್ಟಿದೆಡೆ ಚರ್ಮ ಕೆಂಪಾಗುವುದಕ್ಕೆ ಅಮೋನಿಯಾವೇ ಕಾರಣವೆಂದನು. ಒದ್ದೆತನ, ತಿಕ್ಕಾಟ, ಮಲದಲ್ಲಿನ ಕಿಣ್ವಗಳೇ ಹೆಚ್ಚು ಹೊಣೆಯೆಂದು ಅನಂತರದ ಸಂಶೋಧನೆ ತಿದ್ದಿತಾದರೂ ವಾಸನೆಯ ಮೂಲದ ಬಗೆಗೆ ವಿವಾದವಿಲ್ಲ. ವಿಚಿತ್ರವೆಂದರೆ ಪ್ರಾಚೀನ ರೋಮಿನ ಬಟ್ಟೆ ಮಡಿಮಾಡುವವರು ಈ ಅಮೋನಿಯಾಕ್ಕಾಗಿಯೇ ಮೂತ್ರವನ್ನು ಪಾತ್ರೆಗಳಲ್ಲಿ ಕೂಡಿಟ್ಟು ಹಳಸಲು ಬಿಡುತ್ತಿದ್ದರು; ಚಕ್ರವರ್ತಿ ವೆಸ್ಪಾಸಿಯನನು (69–79) ಅದರ ಮೇಲೆ ತೆರಿಗೆಯನ್ನೂ ಹೇರಿದನು. ಅವರು ಬಯಸಿ ಪಡೆದುದನ್ನೇ ತೊಲಗಿಸುವುದು ಬಾಣಂತಿಮನೆಯ ಕೆಲಸ. ಕೂಡಿಡದಿರುವುದು, ಮುಚ್ಚದಿರುವುದು ಎಂಬ ಎರಡು ನಿಷೇಧಗಳಿಂದಲೇ ಅದು ಬಹುಮಟ್ಟಿಗೆ ಸಾಧ್ಯವಾಗುತ್ತಿದ್ದಿತು.

ಮಳೆಗಾಲದಲ್ಲಿ ಈ ನಿಷೇಧಗಳನ್ನು ಪಾಲಿಸಲು ನೆರವಾದುದು ಬಚ್ಚಲುಮನೆ. ಹಂಡೆಯ ಕೆಳಗಿನ ಒಲೆ ಬಾಣಂತಿ ಇರುವ ಮನೆಯಲ್ಲಿ ಹಗಲಿನ ಬಹುಕಾಲ ಉರಿಯುತ್ತದೆ. ಅದರ ಮೇಲೆ ಅಡ್ಡಲಾಗಿ ಕಟ್ಟಿದ ಬಿದಿರಿನ ಗಳುವಿನಲ್ಲಿ ಬಟ್ಟೆಗಳು ಬಿಸಿಗೂ ಹೊಗೆಗೂ ಆರುತ್ತಿದ್ದುವು. ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿಯನ್ನು ಕವುಚಿ ಅದರ ಮೇಲೆ ತುಂಡುಗಳನ್ನು ಹರಡುವುದೂ ಉಂಟು. ಬಟ್ಟೆ ಹೊಗೆ ನಾರುತ್ತಿದ್ದಿತು. ಮುಗ್ಗಲು ನಾರುವುದಕ್ಕಿಂತ ಅದು ವಾಸಿ. ಈ ಹೊಗೆ ತಾಯಿಮಕ್ಕಳ ಕಣ್ಣಿಗೂ ಪುಪ್ಪುಸಕ್ಕೂ ಕೇಡೆಂಬುದನ್ನು ಮರೆತು ಹಳೆಯ ಪದ್ಧತಿಯನ್ನು ಕೊಂಡಾಡುವವರ ಜೊತೆ ನಾವಿಲ್ಲ. ಅದೇ ಒಲೆಯ ಬೂದಿ ಒಗೆತಕ್ಕೂ ಒದಗಿತು. ಸೋಸಿದ ಬೂದಿನೀರಿನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದರಲ್ಲಿ ನೆನೆದ ಬಟ್ಟೆಯನ್ನು ಬೇಯಿಸುವ ಮಡಿವಾಳರ ಕ್ರಮಕ್ಕೆ ‘ಉಬ್ಬೆ’ ಎಂದು ಹೆಸರು. ನವುರಾದ ಬಟ್ಟೆಗೆ ಅಂಟುವಾಳದ ಕಾಯಿ. ಯಾವ ಬಟ್ಟೆಯನ್ನು ಕ್ಷಾರಮಣ್ಣಿನಿಂದ, ಯಾವುದನ್ನು ಅಂಟುವಾಳದಿಂದ ಶುದ್ಧಿಮಾಡಬೇಕೆಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೇ ಹೇಳಿದೆ. ಸನ್‌ಲೈಟ್ ಸಾಬೂನು ಹಿಂದೂದೇಶಕ್ಕೆ ಬಂದದ್ದು 1888ರಲ್ಲಿ.

ಇಷ್ಟೆಲ್ಲವನ್ನೂ ಮಾಡಿದವರು ಯಾರು? ನಮ್ಮ ಅಭಿಪ್ರಾಯದಲ್ಲಿ ವಿಷಯದ ತಿರುಳು ಇದೇ. ‘ಮಡಿ’ ಎಂಬ ಪದಕ್ಕೆ ಮಡಿಸುವುದು, ಒಗೆದ ಶುದ್ಧವಸ್ತ್ರ ಎಂಬ ಅರ್ಥಗಳೆರಡೂ ಇವೆ. ಮಡಿವಾಳ ಎಂಬ ಹೆಸರು ಅದರಿಂದ ಬಂದುದು. ಪುರುಡಿನ ದಿನಗಳ, ಅಂದರೆ ಕರಾವಳಿಯವರು ಅಮೆ ಎನ್ನುವ ಕಾಲದ, ಬಟ್ಟೆಗಳನ್ನು ಒಯ್ದು ಒಗೆದು, ಶುದ್ಧಿಯ ದಿನ ಮಡಿಬಟ್ಟೆ ತಂದುಕೊಡುವುದು ಮಡಿವಾಳರ ಕರ್ತವ್ಯವಾಗಿದ್ದಿತು. ಪ್ರತಿಫಲ ಕೊಯ್ಲಿನ ಕಾಲದ ಭತ್ತ. ಅಮೆ ಕಳೆದ ಮೇಲೆ ದಿನದಿನದ ತುಂಡುಗಳ ಭಾರ ಅಜ್ಜಿ, ಸೊಸೆ, ಕೆಲಸದಾಕೆಯರ ಮೇಲೆ. ಉಪನಯನವಾಗದ ಮಗುವನ್ನು ಮುಟ್ಟಿದರೆ ಆಶೌಚವಿಲ್ಲವೆಂದು ಗೌತಮ ಧರ್ಮಸೂತ್ರ ವಿಧಿಸುತ್ತದೆ. ಮಗು ಮೈಲಿಗೆಯಲ್ಲ, ಅದರ ಬಟ್ಟೆ ಮೈಲಿಗೆ, ಆ ಬಟ್ಟೆಯನ್ನು ಒಗೆಯುವ ಕುಲ ಕೀಳು: ಈ ಮೂರನ್ನೂ ಒಂದೇ ಸಮಾಜ ವಿರೋಧವಿಲ್ಲದೆ ನಂಬಿತು. ಮೈಲಿಗೆಯ ಭಯದಿಂದ ಬಟ್ಟೆ ಬೇಗನೆ ಹೊರಬಿದ್ದುದು ನಿಜ. ಆದರೆ ತೋಡಿನ ನೀರಿನಲ್ಲಿ ಅಲಬಿದೊಡನೆ ಮಡಿಯಾಯಿತೆಂದು ತಿಳಿದುದರಿಂದ, ಕೆಳಗಿನ ಮನೆಯವರು ಅದೇ ನೀರನ್ನು ಬಳಸುವರೆಂಬ ವಿಚಾರ ಹಿಂದುಳಿಯಿತು. ಹಸುಳೆಯ ಮಲ ನಿರಪಾಯವೆಂಬ ನಂಬಿಕೆ ಇಂದಿಗೂ ಇದೆ. ಭೇದಿಯ ರೋಗಾಣುಗಳು ಅದರಲ್ಲಿಯೂ ಇರುತ್ತವೆ.

ಆದಕಾರಣ ಹಳೆಯ ಮನೆಯಲ್ಲಿ ‘ಇಟ್ಟುಕೊಳ್ಳುವ’ ಸಮಸ್ಯೆ ಇಲ್ಲದಿದ್ದುದಕ್ಕೆ ಕಾರಣ ಯಾವ ಪಾತ್ರೆಯೂ ಅಲ್ಲ, ಸದಾ ಒದಗುತ್ತಿದ್ದ ಕೈಗಳು. ಆ ಕೈಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಸರಿದುವು. ಹೋಟೆಲು ಕೆಲಸವನ್ನು ಅರಸಿ ಕುಂದಾಪುರ ಸೀಮೆಯ ಜನ ಮುಂಬಯಿ, ಬೆಂಗಳೂರುಗಳಿಗೆ ಹೋದರು. 1974ರ ಭೂಸುಧಾರಣೆಯ ಅನಂತರ ದೊಡ್ಡ ಹಿಡುವಳಿಯ ಮನೆಗಳ ಆಳುಕಾಳುಗಳು ಚದುರಿದರು. ಭತ್ತದ ಕೂಲಿಯೂ ನಿಂತಿತು. ಮಡಿವಾಳರ ಮಕ್ಕಳು ಬೇರೆ ವೃತ್ತಿ ಹಿಡಿದುದು ಸಂತೋಷದ ವಿಷಯ. ಮುಂಬಯಿಯ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ತಾಯಿಗೆ ತೋಡಿಲ್ಲ, ಹಿತ್ತಿಲಿಲ್ಲ. ಎಲ್ಲರಿಗೂ ಸೇರಿದ ನಲ್ಲಿಯಲ್ಲಿ ನೀರು ಬರುವುದು ಗೊತ್ತಾದ ಹೊತ್ತಿನಲ್ಲಿ. ಅಲ್ಲಿಯವರೆಗೆ ಬಟ್ಟೆಯನ್ನು ಇಡಲೇಬೇಕು. ಮುಚ್ಚಳದ ಬಕೆಟು ಹೀಗೆ ಅನಿವಾರ್ಯವಾಯಿತು, ಅದರ ಜೊತೆಗೆ ಅಮೋನಿಯಾವೂ ಬಂದಿತು. ಬಕೆಟಿಗೆ ನೀರು ತುಂಬಿಸಿ ಬಟ್ಟೆಗಳನ್ನು ಮುಳುಗಿಸಿಟ್ಟರೆ ಮೊದಲ ದಿನ ಕ್ಷೇಮವೆನಿಸುತ್ತದೆ. ಎರಡನೆಯ ದಿನ ಆ ನೀರೇ ಕೊಳೆಯುತ್ತದೆ. ತೆವಳುವ ಮಗುವಿರುವ ಮನೆಯಲ್ಲಿ ತುಂಬಿದ ಬಕೆಟು ಪ್ರಾಣಕ್ಕೂ ಅಪಾಯ.

ಬಿಸಾಡುವ ಡೈಪರುಗಳು ಈಗ ಅಮಾಸೆಬೈಲಿನಂತಹ ಊರುಗಳಿಗೂ ಬಂದಿವೆ. ಅವನ್ನು ಬೂದಿಯಾಗಿಸಲಾಗದು, ಬಾಳೆಯ ಬುಡಕ್ಕೆ ಹಾಕಲಾಗದು. ಬಟ್ಟೆಗೆ ಮರಳಿದ ಕೆಲವು ತಾಯಂದಿರು ಮಲವನ್ನು ಆಗಲೇ ತೊಳೆದು, ಉಳಿದುದನ್ನು ಹಿಂಡಿ, ಗಾಳಿಯಾಡುವ ಬುಟ್ಟಿಯಲ್ಲಿ ನೀರಿಲ್ಲದೆ ಇಟ್ಟು, ಎರಡು ದಿನದೊಳಗೆ ಬಿಸಿನೀರಿನಲ್ಲಿ ಒಗೆಯುತ್ತಾರೆ. ಜುಲೈ ತಿಂಗಳಿನಲ್ಲಿ ಅವನ್ನು ವಿದ್ಯುತ್ ಪಂಖದ ಕೆಳಗೆ ಹರಡುತ್ತಾರೆ. ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋದ ದಿನ, ಹಂಡೆಯ ಒಲೆಯನ್ನು ಇನ್ನೂ ಕೀಳಿಸದ ಮನೆಗಳಲ್ಲಿ ಗಳುವಿನ ಮೇಲೆ ಮತ್ತೆ ಬಟ್ಟೆ ಏರುತ್ತದೆ.