ಹುಳುವಿನಿಂದ ಹುಳಿಗೆ

ಹುಳುಕು ಹಲ್ಲು ಎಂಬ ಮಾತಿನಲ್ಲೇ ಹುಳು ಅಡಗಿದೆ. ಹಲ್ಲನ್ನು ಹುಳು ಕೊರೆಯುತ್ತದೆಂಬ ನಂಬಿಕೆ ಬ್ಯಾಬಿಲೋನಿಯದ ಮಣ್ಣಿನ ಫಲಕಗಳಷ್ಟು ಹಳೆಯದು. 1728ರಲ್ಲಿ ಪ್ಯಾರಿಸ್ಸಿನ ಪಿಯೆರ್ ಫೋಷಾರ್ ತಮ್ಮ ದಂತವೈದ್ಯ ಗ್ರಂಥದಲ್ಲಿ ಅದನ್ನು ಒಪ್ಪಲಿಲ್ಲ. ಹುಡುಕಿದರೂ ಅವರಿಗೆ ಹುಳು ಕಂಡಿರಲಿಲ್ಲ.

ಹಾಗಾದರೆ ಹಲ್ಲು ಹುಳುಕಾಗುವುದು ಏಕೆ? ಉತ್ತರ ಸಿಕ್ಕಿದ್ದು ಬರ್ಲಿನ್‌ನಲ್ಲಿ. ಅಲ್ಲಿ ನೆಲೆಸಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್, ಕಿತ್ತ ಹಲ್ಲುಗಳನ್ನು ಬ್ರೆಡ್ಡು ಕಲಸಿದ ಎಂಜಲಿನಲ್ಲಿ ಮೈಶಾಖದಷ್ಟೇ ಬೆಚ್ಚಗೆ ಇಟ್ಟರು. ಹಲ್ಲು ಮೆತ್ತಗಾಯಿತು. ಬ್ರೆಡ್ಡಿನ ಬದಲು ಮಾಂಸದ ಕೊಬ್ಬು ಹಾಕಿದಾಗ ಏನೂ ಆಗಲಿಲ್ಲ. ಅಡುಗೆಮನೆಯಲ್ಲೇ ಮಾಡಬಹುದಾದಷ್ಟು ಸರಳ ಪ್ರಯೋಗ! ಬಾಯಿಯ ಸೂಕ್ಷ್ಮಜೀವಿಗಳು ಪಿಷ್ಟ, ಸಕ್ಕರೆಗಳನ್ನು ಹುಳಿಯಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂದು 1890ರ ಪುಸ್ತಕದಲ್ಲಿ ಅವರು ವಿವರಿಸಿದರು.

1940ರ ದಶಕದಲ್ಲಿ ಸಂಶೋಧಕ ರಾಬರ್ಟ್ ಸ್ಟೀಫನ್ ಆ ಹುಳಿಯನ್ನು ಬಾಯೊಳಗೇ ಅಳೆದರು. ಗ್ಲೂಕೋಸ್ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಹಲ್ಲಿಗಂಟಿದ ಪಾಚಿಯ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) ಕುಸಿಯಿತು. ಮತ್ತೆ ಏರಲು ಅರ್ಧ ಗಂಟೆಗೂ ಹೆಚ್ಚು ಬೇಕಾಯಿತು. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಹಾಗಾಗಿ ಎಷ್ಟು ಸಿಹಿ ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದೇ ಮುಖ್ಯವಾಯಿತು. ಪ್ರತಿ ತುತ್ತಿನ ನಂತರ ಜೊಲ್ಲು ಆಮ್ಲವನ್ನು ತಣಿಸಿ, ಕಳೆದ ಖನಿಜವನ್ನು ಮರಳಿ ತುಂಬಲು ಬಿಡುವು ಬೇಕು. ಫ್ಲೋರೈಡ್ ಈ ದುರಸ್ತಿಗೆ ನೆರವಾಗುತ್ತದೆ. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಅದನ್ನು ಮೊದಲ ಬಾರಿಗೆ ಕುಡಿಯುವ ನೀರಿಗೆ ಬೆರೆಸಿತು.